ಮುಳ್ಳು ನೆಟ್ಟಗೆ ನಿಂತರೆ

ಸಮ ಚಿಹ್ನೆ ಎಂದರೆ ಒಂದರ ಕೆಳಗೊಂದು ಎರಡು ಚಿಕ್ಕ ಗೆರೆ. ಬರೆಯಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಸೊರಬದ ಒಂದು ಮಾಧ್ಯಮಿಕ ಶಾಲೆಯಲ್ಲಿ ಆ ಎರಡು ಗೆರೆಗಳ ಅರ್ಥ ಹೇಳುವುದರಲ್ಲೇ ನನ್ನ ನೌಕರಿಯ ಮೊದಲ ವರ್ಷ ಪೂರ್ತಿ ಕಳೆದುಹೋಯಿತು.

ಆಗಿನ್ನೂ ಹೊಸ ಪೈಸೆ ಬಂದ ಹೊಸತು. ದಿನಕ್ಕೆ ಆರು ಪಿರಿಯಡ್ಡು, ಎಂಟನೇ ತರಗತಿಯಲ್ಲೇ ಐವತ್ತಕ್ಕೂ ಮೇಲೆ ಮಕ್ಕಳು, ಅಷ್ಟು ಜನರ ನಡುವೆ ನಾಲ್ಕೋ ಐದೋ ಪುಸ್ತಕ. ಹೇಳಿದ್ದನ್ನೇ ಹೇಳಿ ಹೇಳಿ ಸಂಜೆಯ ಹೊತ್ತಿಗೆ ನನ್ನ ಧ್ವನಿ ನನಗೇ ಬೇಸರ ಬರಿಸುತ್ತಿತ್ತು. ಬಾಡಿಗೆ ರೂಮಿಗೆ ಬಂದು ಚಾಪೆಯ ಮೇಲೆ ಬಿದ್ದರೆ ಒಲೆ ಹಚ್ಚಲು ಏಳುವ ಮನಸ್ಸಾಗುತ್ತಿರಲಿಲ್ಲ. ಬೆಳಗಿನ ಅನ್ನವಿದ್ದರೆ ಅದೇ. ಇಲ್ಲದಿದ್ದರೆ ಒಂದು ತಂಬಿಗೆ ನೀರು. ವಯಸ್ಸು ಇಪ್ಪತ್ಮೂರು. ಆ ವಯಸ್ಸಿನಲ್ಲಿ ಅಷ್ಟು ದಣಿವು ಬರಬಾರದು ಎಂದು ಈಗ ಅನ್ನಿಸುತ್ತದೆ.

ನಮ್ಮ ಮನೆತನದಲ್ಲಿ ಸ್ಲೇಟು ಹಿಡಿದವರಲ್ಲೇ ನಾನು ಮೊದಲಿಗ. ಇನ್ನು ಬಿ.ಎಸ್ಸಿ.ಯ ಮಾತು ಎಲ್ಲಿಂದ ಬರಬೇಕು? ಅಪ್ಪ ಶಿಕಾರಿಪುರದ ಹತ್ತಿರದ ಹಳ್ಳಿಯಲ್ಲಿ ಬೇರೆಯವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ. ಅವ್ವ ಹಿತ್ತಲಲ್ಲಿ ಬದನೆ, ಬೆಂಡೆ, ಸೊಪ್ಪು ಬೆಳೆದು ವಾರಕ್ಕೊಮ್ಮೆ ಶಿಕಾರಿಪುರದ ಸಂತೆಯಲ್ಲಿ ಗೋಣಿಚೀಲ ಹಾಸಿಕೊಂಡು ಮಾರುತ್ತಿದ್ದಳು. ನಾನು ಶಿವಮೊಗ್ಗದಲ್ಲಿ ಓದಿ, ಅಲ್ಲಿಂದ ಮೈಸೂರಿಗೆ ಹೋಗಿ, ಧರ್ಮದ ಹಾಸ್ಟೆಲಿನ ಊಟ ಉಂಡು, ಒಂದೇ ಪ್ಯಾಂಟನ್ನು ಮೂರು ವರ್ಷ ಒಗೆದು ಹಾಕಿಕೊಂಡು ಪದವಿ ತಂದವನು. ಪದವಿ ಪತ್ರವನ್ನು ತಗಡಿನ ಕೊಳವೆಯಲ್ಲಿ ಸುತ್ತಿಟ್ಟು ರೂಮಿನ ಗೂಟಕ್ಕೆ ನೇತುಹಾಕಿದ್ದೆ. ಹಾಜರಿ ಪುಸ್ತಕದಲ್ಲಿ ಸಹಿ ಮಾಡುವಾಗ ಹೆಸರಿನ ಪಕ್ಕ ಬಿ.ಎಸ್ಸಿ. ಎಂದು ಸೇರಿಸುತ್ತಿದ್ದೆ. ಹೆಡ್‌ಮಾಸ್ತರರು ಒಂದೆರಡು ದಿನ ನೋಡಿ, "ಇಲ್ಲಿ ಹೆಸರು ಸಾಕು ಕಣ್ರೀ" ಎಂದರು. ನಾನು ಬಿಡಲಿಲ್ಲ. ಅದನ್ನು ಬರೆಯುವ ಹಕ್ಕನ್ನು ನಾನು ಸುಮ್ಮನೆ ಪಡೆದಿರಲಿಲ್ಲ.

ಆದರೆ ಮನೆಯ ವಿಷಯ ಯಾರಾದರೂ ಕೇಳಿದರೆ ಬೇಸಾಯ ಎಂದು ಹೇಳಿ ಮುಗಿಸುತ್ತಿದ್ದೆ. ಅದು ಸುಳ್ಳಲ್ಲ. ಸಂತೆಯ ಗೋಣಿಚೀಲದ ಮಾತು ಮಾತ್ರ ಬಾಯಿಂದ ಹೊರಗೆ ಬರುತ್ತಿರಲಿಲ್ಲ.

ನನ್ನದು ತಾತ್ಕಾಲಿಕ ನೌಕರಿ. ಶಾಲೆಯ ವರ್ಷ ಮುಗಿದ ದಿನ ನನ್ನ ಆರ್ಡರೂ ಮುಗಿಯುತ್ತಿತ್ತು. ಮುಂದುವರಿಸುವುದೋ ಬಿಡುವುದೋ ಎಂಬುದು ಇನ್‌ಸ್ಪೆಕ್ಟರು ಬಂದು ನನ್ನ ಪಾಠ ನೋಡಿ ಬರೆಯುವ ನಾಲ್ಕು ಸಾಲಿನ ಮೇಲೆ ನಿಂತಿತ್ತು. ಅವರು ಸಂಕ್ರಾಂತಿ ಕಳೆದ ಮೇಲೆ ಬರುತ್ತಾರೆಂದು ಹೆಡ್‌ಮಾಸ್ತರರು ಮೊದಲ ದಿನವೇ ಹೇಳಿದ್ದರು. ಅವರು ಬೇಡ ಎಂದರೆ ಊರಿಗೆ ಹೋಗಬೇಕು. ಅಪ್ಪನ ನೇಗಿಲಿಗೆ ನಾನು ಹೆದರುತ್ತಿರಲಿಲ್ಲ. ನಾನು ಮೈಸೂರಿಗೆ ಹೊರಟಾಗ, ಓದಿ ಬಂದು ಇವನು ಎತ್ತಿಗೆ ಇಂಗ್ಲಿಷ್ ಕಲಿಸುತ್ತಾನಾ ಎಂದು ಕಟ್ಟೆಯ ಮೇಲೆ ಕೂತು ನಕ್ಕವರಿದ್ದರು. ಅವರು ಇನ್ನೂ ಅದೇ ಕಟ್ಟೆಯ ಮೇಲೆ ಕೂತಿದ್ದರು.

ಮಕ್ಕಳು ದಡ್ಡರಲ್ಲ, ಅದನ್ನು ಮೊದಲೇ ಹೇಳಬೇಕು. ಆಣೆಯನ್ನು ಹೊಸ ಪೈಸೆಗೆ ತಿರುಗಿಸುವುದರಲ್ಲಿ ನನಗಿಂತ ಚುರುಕಾಗಿದ್ದರು. ಬೀಜಗಣಿತಕ್ಕೆ ಬಂದಾಗಲೇ ತೊಂದರೆ. ಎಕ್ಸ್ ಕೂಡಿಸು ಮೂರು ಸಮ ಎಂಟು ಎಂದು ಹಲಗೆಯ ಮೇಲೆ ಬರೆಯುವಷ್ಟರಲ್ಲಿ ಹಿಂದಿನಿಂದ ಐದು ಐದು ಎಂದು ಕೂಗಿಬಿಡುತ್ತಿದ್ದರು. ಹಂತ ಬರೆಯಿರಿ ಎಂದರೆ, ಗೊತ್ತಿರುವುದನ್ನು ಎಂತಕ್ಕೆ ಬರೆಯಬೇಕು ಸಾರ್ ಎಂಬ ಪ್ರಶ್ನೆ. ಸರಿ ಎಂದು ದೊಡ್ಡ ಸಂಖ್ಯೆ ಹಾಕಿದರೆ ಅಂದಾಜು ಸಿಗದೆ ಬಾಯಿ ಮುಚ್ಚಿ ಕೂರುತ್ತಿದ್ದರು. ಎಡಗಡೆಯ ಸಂಖ್ಯೆ ಬಲಗಡೆಗೆ ಹೋದರೆ ಕೂಡುವುದು ಕಳೆಯುವುದಾಗುತ್ತದೆ ಎಂದು ದಸರೆಯ ರಜೆಯ ತನಕ ಹೇಳಿದೆ. ರಜೆ ಮುಗಿಸಿ ಬಂದಾಗ ಅಷ್ಟೂ ಮರೆತಿದ್ದರು.

ಹೆಡ್‌ಮಾಸ್ತರರದು ಹಳೆಯ ಕಾಲದ ದಾರಿ. ಬೆಳಿಗ್ಗೆ ಮಗ್ಗಿಯ ಜೊತೆಗೆ ಈ ನಿಯಮವನ್ನೂ ಹೇಳಿಸಿ, ಅರ್ಥ ಆಮೇಲೆ ಆಗುತ್ತದೆ ಎಂದರು. ಬಹುಶಃ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ನಾನು ಬಿ.ಎಸ್ಸಿ. ಮಾಡಿದವನು. ಅರ್ಥವಾಗದೆ ಬಾಯಿಪಾಠ ಮಾಡಿಸುವುದಾದರೆ ನಾನೇ ಯಾಕೆ ಬೇಕು ಎಂಬ ಜಂಬ. ಕಾಲೇಜಿನಲ್ಲಿ ಓದಿದ ಒಂದು ಪುಸ್ತಕದಲ್ಲಿ ತಕ್ಕಡಿಯ ಚಿತ್ರವಿತ್ತು. ಸಮೀಕರಣವೆಂದರೆ ಸಮ ನಿಂತ ತಕ್ಕಡಿ, ಎರಡೂ ಕಡೆಯಿಂದ ಒಂದೇ ತೂಕ ತೆಗೆದರೆ ಅದು ಸಮವಾಗಿಯೇ ಇರುತ್ತದೆ ಎಂದು ಅದರಲ್ಲಿ ಬರೆದಿತ್ತು. ಇಷ್ಟು ಸುಲಭದ ವಿಷಯ ನನಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದುಕೊಂಡೆ.

ಬಸ್ಸು ನಿಲ್ಲುವಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಸಾಹೇಬರನ್ನು ಕೇಳಿದೆ. ಅವರ ಮೊಮ್ಮಗ ನಮ್ಮ ಶಾಲೆಯಲ್ಲಿ ಐದನೇ ತರಗತಿ. ಹಳೆಯ ತಕ್ಕಡಿಯೊಂದನ್ನು ಅಟ್ಟದಿಂದ ಇಳಿಸಿ, ತೂಕದ ಕಲ್ಲುಗಳ ಜೊತೆ ಕೊಟ್ಟರು. ಕಲ್ಲು ಮಾತ್ರ ಎಣಿಸಿ ತರಬೇಕು ಮೇಷ್ಟ್ರೇ ಎಂದಷ್ಟೇ ಹೇಳಿದರು. ಅದನ್ನು ಹೆಗಲ ಮೇಲೆ ಹೊತ್ತು ಶಾಲೆಯ ಅಂಗಳ ದಾಟುವಾಗ ಹಿರಿಯ ಮೇಷ್ಟರೊಬ್ಬರು ಕಿಟಕಿಯಿಂದ ಇಣುಕಿ, "ಏನ್ರೀ ಬಿ.ಎಸ್ಸಿ., ಅಂಗಡಿ ಇಟ್ರಾ? ಬೆಲ್ಲ ಹೆಂಗೆ ಸೇರು?" ಎಂದರು. ಅವರ ಜೊತೆ ನಾನೂ ನಕ್ಕೆ. ಬೇರೆ ಏನು ಮಾಡುವುದು?

ಒಂದು ಬಟ್ಟೆಯ ಚೀಲದಲ್ಲಿ ಹುಣಸೆ ಬೀಜ ತುಂಬಿ ಬಾಯಿ ಕಟ್ಟಿದೆ. ಅದೇ ಎಕ್ಸ್. ಚೀಲವನ್ನೂ ಎರಡು ಸೇರಿನ ಕಲ್ಲನ್ನೂ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಬರೀ ಕಲ್ಲಿಟ್ಟು ಮುಳ್ಳು ನೆಟ್ಟಗೆ ನಿಲ್ಲುವ ಹಾಗೆ ಮಾಡಿದೆ. ಎರಡೂ ಕಡೆಯಿಂದ ಎರಡೆರಡು ಸೇರು ತೆಗೆದೆ. ಚೀಲ ಒಂದೇ ಉಳಿಯಿತು, ಅದರ ತೂಕ ಎದುರಿಗೇ ಕಾಣಿಸಿತು. ಮಕ್ಕಳು ಬೆಂಚು ಬಿಟ್ಟು ಸುತ್ತ ನೆರೆದರು. ಅಂದು ಮೊದಲ ಬಾರಿಗೆ ನನ್ನ ಗಂಟಲು ನೋಯಲಿಲ್ಲ.

ಒಂದು ಕಿರಿಕಿರಿ ಮಾತ್ರ ಉಳಿಯಿತು. ನಾನು ಹಲಗೆಯ ಕಡೆ ತಿರುಗಿ ಬರೆದು ಮತ್ತೆ ಈ ಕಡೆ ನೋಡುವಷ್ಟರಲ್ಲಿ ಮುಳ್ಳು ಜರುಗಿರುತ್ತಿತ್ತು. ಯಾರೋ ಚೀಲದ ತಟ್ಟೆಗೆ ಎರಡು ಹುಣಸೆ ಬೀಜ ಹಾಕಿರುತ್ತಿದ್ದರು. ತೆಗೆದು ಸರಿಮಾಡಿ ತಿರುಗಿದರೆ ಮತ್ತೆ ಎರಡು ಬೀಜ. ಯಾರು ಎಂದು ಕೇಳಿದರೆ ಐವತ್ತು ಮುಖಗಳೂ ಒಂದೇ ಥರ. ಚೇಷ್ಟೆ ಎಂದುಕೊಂಡು ಎಲ್ಲರನ್ನೂ ಬೈದೆ.

ವಾರ ಬಿಟ್ಟು ಸ್ಲೇಟಿನಲ್ಲಿ ಪರೀಕ್ಷೆ ಕೊಟ್ಟೆ. ಒಂದು ತಟ್ಟೆಯಲ್ಲಿ ಒಂದು ಚೀಲ ಮತ್ತು ಮೂರು ಸೇರು, ಇನ್ನೊಂದರಲ್ಲಿ ಎಂಟು ಸೇರು, ಮುಳ್ಳು ನೆಟ್ಟಗೆ ನಿಂತಿದೆ, ಹಾಗಾದರೆ ಚೀಲ ಎಷ್ಟು? ಐದು ಎಂದು ಎಲ್ಲರೂ ಬರೆಯುತ್ತಾರೆಂದು ಕಾದೆ. ಅರ್ಧದಷ್ಟು ಸ್ಲೇಟುಗಳಲ್ಲಿ ಐದಕ್ಕೆ ಕಡಿಮೆ ಎಂದಿತ್ತು. ಕೆಲವು ನಾಲ್ಕೂ ಮುಕ್ಕಾಲು ಎಂದಿದ್ದವು. ಇಷ್ಟು ಜನ ಒಂದೇ ಥರ ತಪ್ಪಬೇಕಾದರೆ ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದಿರಲೇಬೇಕು. ಮೊದಲು ಬರೆದವರು ಯಾರು ಎಂದು ಗದರಿದೆ.

ಎರಡನೇ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಆ ತರಗತಿಯಲ್ಲಿ ಇದ್ದದ್ದೇ ಐದು ಹುಡುಗಿಯರು. ಇವಳು ಚಂದ್ರಗುತ್ತಿ ರಸ್ತೆಯ ಕಡೆಯ ಹಳ್ಳಿಯಿಂದ ನಡೆದು ಬರುವವಳು. ಸಂತೆಯ ದಿನ ಮಾತ್ರ ಬರುತ್ತಿರಲಿಲ್ಲ. ಅಂದು ತಾಯಿಯ ಜೊತೆ ತರಕಾರಿ ಮಾರಲು ಕೂರುತ್ತಿದ್ದಳು.

ಐದಕ್ಕೆ ಕಡಿಮೆ ಹೇಗಾಯಿತು ಎಂದು ಕೇಳಿದೆ.

"ತಕ್ಕಡಿ ಸಮ ನಿಂತದೆ ಅಂತ ನೀವೇ ಹೇಳಿದ್ರಲ್ಲ ಸಾರ್" ಎಂದಳು.

ನನಗೆ ಅದು ಎದುರುತ್ತರದಂತೆ ಕೇಳಿಸಿತು. ಹೆಡ್‌ಮಾಸ್ತರರ ಕೋಣೆಯಿಂದ ಬೆತ್ತ ತರಿಸಿದೆ. ಅಲ್ಲಿಯವರೆಗೆ ನಾನು ಬೆತ್ತ ಮುಟ್ಟಿರಲಿಲ್ಲ, ಅದೂ ನನ್ನ ಜಂಬಗಳಲ್ಲೊಂದಾಗಿತ್ತು. ಅವಳ ಬಲಗೈಗೆ ಎರಡು ಏಟು ಕೊಟ್ಟೆ. ಅವಳು ಅಳಲಿಲ್ಲ. ಅಂಗೈಯನ್ನು ಲಂಗಕ್ಕೆ ಒಮ್ಮೆ ಉಜ್ಜಿಕೊಂಡು ಕೂತು ಸ್ಲೇಟು ಒರೆಸಿದಳು. ಅಂದಿನಿಂದ ನನ್ನ ಮುಖ ನೋಡುವುದನ್ನು ಬಿಟ್ಟಳು. ಕೇಳಿದ್ದಕ್ಕೆ ಹಲಗೆಯನ್ನು ನೋಡಿಕೊಂಡೇ ಉತ್ತರ ಹೇಳುತ್ತಿದ್ದಳು.

ಇನ್‌ಸ್ಪೆಕ್ಟರು ಹದಿನೈದು ದಿನದಲ್ಲಿ ಬರುತ್ತಾರೆಂಬ ಕಾಗದ ಆ ವಾರವೇ ಬಂತು. ಹೆಡ್‌ಮಾಸ್ತರರು ಅದನ್ನು ನನಗೆ ಓದಿ ಹೇಳಿ, ಇನ್ನಾದರೂ ಆ ತಕ್ಕಡಿಯನ್ನು ಅಂಗಡಿಗೆ ವಾಪಸು ಕೊಟ್ಟು ಬನ್ನಿ ಎಂದರು.

ನಡುವೆ ಒಂದು ರಜೆ ಸಿಕ್ಕಿತು. ಶಿಕಾರಿಪುರದ ಸಂತೆಯೂ ಅದೇ ದಿನ. ಶಿರಾಳಕೊಪ್ಪದಲ್ಲಿ ಬಸ್ಸು ಕೆಟ್ಟು ನಿಂತು, ಸಂತೆ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಅವ್ವ ಎಂದಿನ ಜಾಗದಲ್ಲೇ ಕೂತಿದ್ದಳು. ನಾನು ಗೋಣಿಚೀಲದ ಒಂದು ತುದಿಯಲ್ಲಿ, ರಸ್ತೆಗೆ ಬೆನ್ನು ಹಾಕಿ ಕೂತೆ. ಸೊರಬದ ಕಡೆಯವರು ಯಾರಾದರೂ ಕಂಡಾರೆಂಬ ಅಳುಕು. ಅವ್ವನಿಗೆ ಅದು ಗೊತ್ತಾಗದೆ ಇರಲಿಲ್ಲ. ಬಿಸಿಲು ಬೀಳ್ತದೆ, ಈ ಕಡೆ ಸರಿ ಎಂದಳು.

ಒಬ್ಬ ಹೆಂಗಸು ಅಚ್ಚೇರು ಬದನೆಕಾಯಿ ಕೇಳಿದಳು. ಅವ್ವ ಅರ್ಧ ಸೇರಿನ ಕಲ್ಲಿಟ್ಟು ಕಾಯಿ ಹಾಕುತ್ತಾ ಹೋದಳು. ಮುಳ್ಳು ನೆಟ್ಟಗೆ ನಿಂತಿತು. ಹೆಂಗಸು ಕೈಚೀಲದ ಬಾಯಿ ತೆರೆಯಲಿಲ್ಲ, ತಕ್ಕಡಿಯನ್ನೇ ನೋಡುತ್ತಾ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಅವ್ವ ಇನ್ನೊಂದು ಕಾಯಿ ಹಾಕಿದಳು, ತಟ್ಟೆ ಕೆಳಗೆ ಬಂತು. ಆಗ ಚೀಲದ ಬಾಯಿ ತೆರೆಯಿತು.

ಇದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ನೋಡಿದ್ದನ್ನು ಎಲ್ಲೋ ಬಿಟ್ಟು ಬಂದಿದ್ದೆ.

"ಅವ್ವ, ಮುಳ್ಳು ನೆಟ್ಟಗೇ ನಿಂತಿತ್ತಲ್ಲ, ಮತ್ತೆ ಯಾಕೆ ಹಾಕಿದೆ?" ಎಂದೆ.

ಅವ್ವ ನನಗೆ ಜ್ವರ ಬಂದಿದೆಯೇನೋ ಎಂಬಂತೆ ನೋಡಿದಳು. "ನೆಟ್ಟಗೆ ನಿಂತ್ರೆ ತೂಕ ಆತೇನೋ ತಮ್ಮಾ? ಕೊಸರು ಬೀಳಬೇಕಲ್ಲ. ಸಮಕ್ಕೆ ಸಮ ತೂಗಿದ್ರೆ ಈಕಿ ಮೋಸ ಮಾಡಿದ್ಲು ಅಂತಾರ. ಹಂಗ ತೂಗಾಕೆ ನಾನೇನು ಬಂಗಾರ ಮಾರಾಕೆ ಕುಂತೀನಾ?"

ಸಂಜೆಯ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಕೂತಿದ್ದೆ, ನಿದ್ದೆ ಹತ್ತಲಿಲ್ಲ. ಹುಣಸೆ ಬೀಜ ಹಾಕಿದ್ದು ಚೇಷ್ಟೆಯಲ್ಲ. ಸಮ ನಿಂತ ತಕ್ಕಡಿಯನ್ನು ಕಂಡು ಆ ಮಕ್ಕಳಿಗೆ ತಡೆಯಲಾಗಿರಲಿಲ್ಲ. ಕೊಟ್ಟಿದ್ದು ಸಾಲದು ಎಂದು ಯಾರೋ ಮೇಲಿಷ್ಟು ಹಾಕುತ್ತಿದ್ದರು. ಐದು ಸೇರು ಎಂದು ಕೊಟ್ಟ ಚೀಲ ಐದರ ಕಲ್ಲಿಗಿಂತ ಸ್ವಲ್ಪ ಜಗ್ಗಲೇಬೇಕು. ಜಗ್ಗದೆ ಸಮ ನಿಂತಿತೆಂದರೆ ಚೀಲದಲ್ಲಿ ಐದಕ್ಕೆ ಕಡಿಮೆ ಇದೆ. ಸಂತೆಯಲ್ಲಿ ಕೂತು ತೂಗಿದ ಹುಡುಗಿ ಅದನ್ನೇ ಬರೆದಳು. ಸಂತೆಯಲ್ಲಿ ಬೆಳೆದ ನಾನು ಅವಳ ಮೇಲೆ ಬೆತ್ತ ಎತ್ತಿದೆ. ಬದನೆಕಾಯಿಯ ಕಾಸಿನಲ್ಲಿ ಓದಿದವನು ನಾನು, ಕೊಸರು ಗೊತ್ತಿಲ್ಲ ಎಂದು ಯಾವ ಬಾಯಿಂದ ಹೇಳಲಿ?

ಮಾರನೆಯ ದಿನ, ವಾಪಸು ಕೊಡದೆ ಇಟ್ಟುಕೊಂಡಿದ್ದ ತಕ್ಕಡಿಯನ್ನು ಮತ್ತೆ ಮೇಜಿನ ಮೇಲಿಟ್ಟೆ. ಇದು ಸಂತೆಯದಲ್ಲ, ಅಕ್ಕಸಾಲಿಗರ ತಕ್ಕಡಿ ಎಂದು ತಿಳಿದುಕೊಳ್ಳಿ, ಗುಲಗಂಜಿಯಷ್ಟೂ ಕೊಸರಿಲ್ಲ, ಗಣಿತದಲ್ಲಿ ಸಮ ಎಂದರೆ ಬಂಗಾರದ ತೂಕ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ, "ಹಂಗಂತ ಮೊದ್ಲೇ ಹೇಳ್ಬಾರ್ದಿತ್ತಾ ಸಾರ್?" ಎಂದ. ತರಗತಿಯೆಲ್ಲ ನಕ್ಕಿತು. ಆ ಹುಡುಗಿ ನಗಲಿಲ್ಲ. ಮೊನ್ನೆ ನೀನು ಹೇಳಿದ್ದರಲ್ಲಿ ಅರ್ಥವಿತ್ತು ಎಂದು ಅವಳ ಕಡೆ ತಿರುಗಿ ಹೇಳಿದೆ. ತಪ್ಪಾಯಿತು ಎನ್ನುವ ಮಾತು ಬರಲಿಲ್ಲ. ಆಗಿನ ಮೇಷ್ಟರು ಮಕ್ಕಳಿಗೆ ಹಾಗೆ ಹೇಳುತ್ತಿರಲಿಲ್ಲ ಎಂಬುದು ಒಂದು ನೆಪ. ನನಗೆ ಧೈರ್ಯ ಸಾಲಲಿಲ್ಲ ಎಂಬುದೇ ನಿಜ. ಅಂದು ಯಾರೂ ಹುಣಸೆ ಬೀಜ ಹಾಕಲಿಲ್ಲ.

ಇನ್‌ಸ್ಪೆಕ್ಟರು ಹೇಳಿದ ದಿನಕ್ಕಿಂತ ಎರಡು ದಿನ ತಡವಾಗಿ ಬಂದರು. ನನ್ನಂತೆಯೇ ದಣಿದ ಮನುಷ್ಯ. ಬೆಳಗಿನಿಂದ ಎರಡು ಶಾಲೆ ಮುಗಿಸಿ ಬಂದಿದ್ದರು, ಕೋಟಿನ ಮೇಲೆ ರಸ್ತೆಯ ಕೆಂಪು ಧೂಳು ಹಾಗೇ ಇತ್ತು. ಕುರ್ಚಿಯಲ್ಲಿ ಕೂತು, ಪಕ್ಕದಲ್ಲಿ ನಿಂತ ಹೆಡ್‌ಮಾಸ್ತರರಿಂದ ನನ್ನ ಪಾಠದ ಟಿಪ್ಪಣಿ ಪುಸ್ತಕ ತೆಗೆದುಕೊಂಡು ನೋಡಿದರು. ಪಾಠಗಳು ಬಹಳ ಹಿಂದೆ ಬಿದ್ದಿವೆಯಲ್ಲ ಎಂದರು. ನಾನು ಹೌದು ಎಂದೆ. ಮೇಜಿನ ಮೇಲಿನ ತಕ್ಕಡಿ ನೋಡಿ, ಪ್ರಶ್ನೆಯನ್ನು ತಾವೇ ಕೇಳುವುದಾಗಿ ಹೇಳಿದರು.

ಒಂದು ತಟ್ಟೆಯಲ್ಲಿ ಒಂದೇ ಅಳತೆಯ ಎರಡು ಚೀಲ ಈರುಳ್ಳಿ, ಜೊತೆಗೆ ಐದು ಸೇರಿನ ಕಲ್ಲು. ಇನ್ನೊಂದು ತಟ್ಟೆಯಲ್ಲಿ ಹತ್ತೊಂಬತ್ತು ಸೇರಿನ ಕಲ್ಲು. ತಕ್ಕಡಿ ಸಮ ನಿಂತಿದೆ. ಒಂದು ಚೀಲದ ತೂಕ ಎಷ್ಟು?

ಈರುಳ್ಳಿ ಅಕ್ಕಸಾಲಿಗರ ಹತ್ತಿರ ಸಿಗುವುದಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರ ಕೈಯೂ ಮೇಲೇಳಲಿಲ್ಲ. ಕೊನೆಗೆ ಎರಡನೇ ಸಾಲಿನಿಂದ ಆ ಹುಡುಗಿಯೇ ಎದ್ದಳು.

"ಸಾರ್, ಅದು ಸಂತೆ ತಕ್ಕಡಿನಾ, ಅಕ್ಕಸಾಲಿಗರ ತಕ್ಕಡಿನಾ?"

ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು. ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿ, "ಏನ್ರೀ ಇದು? ಗಣಿತದಲ್ಲಿ ಎರಡು ಥರದ ತಕ್ಕಡಿ ಯಾವಾಗಿಂದ ಬಂತು?" ಎಂದರು.

ನಾನು ವಿವರಿಸಿದೆ. ಸ್ಲೇಟಿನ ಪರೀಕ್ಷೆ, ಐದಕ್ಕೆ ಕಡಿಮೆ ಎಂಬ ಉತ್ತರ, ಕೊಸರು, ಬಂಗಾರ. ಬೆತ್ತದ ಮಾತನ್ನು ಬಿಟ್ಟೆ. ಅವರು ಕೇಳಿಸಿಕೊಂಡು, ಇದನ್ನು ಟ್ರೈನಿಂಗಿನಲ್ಲಿ ಹೇಳಿಕೊಟ್ಟರೋ ಎಂದು ಕೇಳಿದರು. ನನಗೆ ಟ್ರೈನಿಂಗ್ ಆಗಿರಲಿಲ್ಲ. ಯಾವುದಾದರೂ ಪುಸ್ತಕದಲ್ಲಿತ್ತೋ ಎಂದರು. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೈಸೂರಿನಲ್ಲಿ ಓದಿದವನು, ಯಾವುದೋ ಇಂಗ್ಲಿಷ್ ಪುಸ್ತಕ ಎಂದರೆ ಒಳ್ಳೆಯ ಹೆಸರೇ ಬರುತ್ತಿತ್ತು. ಆ ಹುಡುಗಿ ಇನ್ನೂ ನಿಂತೇ ಇದ್ದಳು, ಹಲಗೆಯನ್ನು ನೋಡಿಕೊಂಡು.

"ಇಲ್ಲ ಸಾರ್" ಎಂದೆ. "ನಮ್ಮ ತಾಯಿ ಶಿಕಾರಿಪುರದ ಸಂತೇಲಿ ಬದನೆಕಾಯಿ ಮಾರ್ತಾರೆ. ಅವರು ಹೇಳಿದ್ದು."

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಧೂಳು ಒರೆಸಿಕೊಂಡರು. ಆಮೇಲೆ ಹುಡುಗಿಯ ಕಡೆ ನೋಡಿ, ಅಕ್ಕಸಾಲಿಗರದೇ ಎಂದು ಇಟ್ಟುಕೋ, ಬರೆ ಎಂದರು.

ಅವಳು ಬಂದು ಸೀಮೆಸುಣ್ಣ ತೆಗೆದುಕೊಂಡಳು. ಎರಡು ಎಕ್ಸ್ ಕೂಡಿಸು ಐದು ಸಮ ಹತ್ತೊಂಬತ್ತು. ಎರಡೂ ಕಡೆ ಐದು ಕಳೆದಳು. ಎರಡು ಎಕ್ಸ್ ಸಮ ಹದಿನಾಲ್ಕು. ಎಕ್ಸ್ ಸಮ ಏಳು. ಮೂರು ಸಮ ಚಿಹ್ನೆಗಳೂ ಒಂದರ ಕೆಳಗೊಂದು ನೂಲು ಹಿಡಿದ ಹಾಗೆ ಬಂದಿದ್ದವು. ಸಂತೆಯದಾದರೆ ಎಷ್ಟು ಎಂದು ಇನ್‌ಸ್ಪೆಕ್ಟರು ಕೇಳಿದರು.

"ಏಳಕ್ಕೆ ಕಮ್ಮಿ ಸಾರ್. ಎಷ್ಟು ಕಮ್ಮಿ ಅಂತ ಮಾರಿದೋರನ್ನೇ ಕೇಳ್ಬೇಕು."

ಅವರು ನಕ್ಕರೋ ಇಲ್ಲವೋ ನನಗೆ ತಿಳಿಯಲಿಲ್ಲ. ತಲೆ ತಗ್ಗಿಸಿ ಬರೆಯುತ್ತಿದ್ದರು.

ಆರ್ಡರು ಬಂದದ್ದು ಪರೀಕ್ಷೆಗಳೆಲ್ಲ ಮುಗಿದ ಮೇಲೆ. ಮೇಷ್ಟರಿಗೆ ಶ್ರದ್ಧೆಯಿದೆ, ಪಾಠ ಹಿಂದೆ ಬಿದ್ದಿದೆ, ತರಬೇತಿಯಾಗಿಲ್ಲ, ಇನ್ನೊಂದು ವರ್ಷ ತಾತ್ಕಾಲಿಕವಾಗಿ ಮುಂದುವರಿಸಿ ನೋಡಬಹುದು ಎಂದು ಇನ್‌ಸ್ಪೆಕ್ಟರು ಬರೆದಿದ್ದರಂತೆ. ಕಾಯಂ ಆಗಲಿಲ್ಲ, ಮನೆಗೂ ಕಳಿಸಲಿಲ್ಲ. ಹೆಡ್‌ಮಾಸ್ತರರು ಕಾಗದ ಕೈಗಿಟ್ಟು, ಒಳ್ಳೆಯದೇ ಆಯಿತು ಬಿಡಿ ಎಂದರು. ಬೆಲ್ಲದ ಬೆಲೆ ಕೇಳಿದ್ದ ಹಿರಿಯ ಮೇಷ್ಟರು, ಶಿಕಾರಿಪುರಕ್ಕೆ ಹೋದಾಗ ತರಕಾರಿಯನ್ನು ನಿಮ್ಮ ತಾಯಿಯ ಹತ್ತಿರವೇ ಕೊಳ್ಳುತ್ತೇನೆ, ಎಲ್ಲಿ ಕೂರುತ್ತಾರೆ ಎಂದು ಕೇಳಿದರು. ಅವರು ಅಣಕಿಸಿದರೋ ನಿಜವಾಗಿ ಕೇಳಿದರೋ ಎಂದು ಯೋಚಿಸುವ ತ್ರಾಣ ನನ್ನಲ್ಲಿರಲಿಲ್ಲ. ಯಾವ ಮರದ ಕೆಳಗೆ ಎಂದು ಹೇಳಿದೆ.

ಆ ವಾರ ಸೊರಬದ ಸಂತೆಗೆ ಹೋದೆ. ಹುಡುಗಿ ತಾಯಿಯ ಪಕ್ಕದಲ್ಲಿ ಕೂತು ತಕ್ಕಡಿ ಹಿಡಿದಿದ್ದಳು. ಅಚ್ಚೇರು ಬದನೆಕಾಯಿ ಕೊಡಿ ಎಂದೆ. ಮೇಷ್ಟ್ರು ಬಂದ್ರು ಎಂದು ತಾಯಿ ಸೆರಗು ಸರಿಮಾಡಿಕೊಂಡರು.

"ಮುಂದಿನ ವರ್ಷನೂ ನೀವೇ ಇರ್ತೀರಾ ಸಾರ್?" ಎಂದಳು ಹುಡುಗಿ, ಕಾಯಿ ಆರಿಸುತ್ತಾ.

"ಇರ್ತೀನಿ. ಇನ್ನೊಂದು ವರ್ಷ."

ಅವಳು ಕಲ್ಲಿಟ್ಟು ಕಾಯಿ ಹಾಕಿದಳು. ತಟ್ಟೆ ಕೆಳಗೆ ಬಂತು. ಒಂದು ಕಾಯಿ ತೆಗೆದಳು, ಮೇಲೆ ಹೋಯಿತು. ರಾಶಿಯಲ್ಲಿ ಹುಡುಕಿ ಅದಕ್ಕಿಂತ ಚಿಕ್ಕದೊಂದನ್ನು ಹಾಕಿದಳು. ಮುಳ್ಳು ಅಲುಗಾಡಿ ಅಲುಗಾಡಿ ನೆಟ್ಟಗೆ ನಿಂತಿತು. ಅದು ನಿಲ್ಲುವ ತನಕ ಕಾದು ತಟ್ಟೆಯನ್ನು ನನ್ನ ಮುಂದೆ ಹಿಡಿದಳು.

"ಏ, ಮೇಷ್ಟ್ರಿಗೆ ಕೊಸರು ಹಾಕೇ" ಎಂದು ತಾಯಿ ಗದರಿದರು.

"ಇವರಿಗೆ ಬಂಗಾರದ ತೂಕನೇ ಆಗ್ಬೇಕು ಅವ್ವ" ಎಂದಳು. ಬೆತ್ತದ ಏಟು ತಿಂದ ಮೇಲೆ ಮೊದಲ ಬಾರಿಗೆ ನನ್ನ ಮುಖವನ್ನು ನೇರವಾಗಿ ನೋಡಿದಳು.

ತಾಯಿ ಎರಡು ಕಾಯಿ ಎತ್ತಿಕೊಂಡು ಕೈ ಚಾಚಿದರು. ಬೇಡಿ, ತೂಕ ಸರಿಯಾಗಿದೆ ಎಂದು ನಾನು ಚೀಲದ ಬಾಯಿ ತೆರೆದೆ. ಅಷ್ಟು ಬದನೆಕಾಯಿ ಹಿಡಿದುಕೊಂಡು ರೂಮಿನ ಕಡೆ ನಡೆದೆ. ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಬರುತ್ತಾರೆ, ಮತ್ತೆ ಆ ಎರಡು ಗೆರೆಯಿಂದಲೇ ಶುರುಮಾಡಬೇಕು.